ಎರಡು ಸಲ ತೊಳೆದದ್ದು

ಗಾಜಿನ ಆಚೆ ಬೆಂಚಿನ ಮೇಲೆ ಕೂತಿದ್ದ ಮೇಷ್ಟ್ರು ಕಾಲಿನಿಂದ ಬ್ರೇಕ್ ಒತ್ತುತ್ತಿದ್ದ. ಅಲ್ಲಿ ಬ್ರೇಕೂ ಇರಲಿಲ್ಲ, ಕಾರೂ ಇರಲಿಲ್ಲ. ಇದ್ದದ್ದು ಆಗಷ್ಟೇ ಒರೆಸಿದ ಆಸ್ಪತ್ರೆಯ ನೆಲ. ಆದರೂ ಓಣಿಯಲ್ಲಿ ಯಾರಾದರೂ ಕೊಂಚ ಬಿರುಸಾಗಿ ಎದುರು ಬಂದರೆ ಸಾಕು, ಮೇಷ್ಟ್ರ ಬಲಪಾದ ತನ್ನಷ್ಟಕ್ಕೆ ತಾನೇ ನೆಲವನ್ನು ಅದುಮುತ್ತಿತ್ತು. ಹದಿನೇಳು ವರ್ಷ ಪಕ್ಕದ ಸೀಟಿನಲ್ಲಿ ಕೂತು ಕಂಡಕಂಡವರಿಗೆಲ್ಲ ಡ್ರೈವಿಂಗ್ ಕಲಿಸಿದ ಕಾಲು. ಲ್ಯಾಬಿನ ಒಳಗೆ ಕೈಗವಸು ಹಾಕಿಕೊಂಡು ನಿಂತಿದ್ದ ಅವನಿಗೆ ಆ ಕಾಲನ್ನು ನೋಡಿ ಮೈ ಉರಿಯಿತು. ತಂಗಿ ಕಾರು ಕಲಿಯುತ್ತೇನೆಂದು ಹೋಗಿ ಈ ಮನುಷ್ಯನನ್ನು ಕಟ್ಟಿಕೊಂಡು ಎಂಟು ವರ್ಷವಾಗಿತ್ತು. ಮನೆಯಲ್ಲಿ ಎಲ್ಲರೂ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಮರ್ಯಾದೆಗೆ ಎಂದುಕೊಂಡರೆ ಅದು ತಪ್ಪು. ಅಮ್ಮ ಆ ಮಾತನ್ನು ಆಡುವಾಗ ತುಟಿಯ ಒಂದು ಕೊನೆ ಕೆಳಗಿಳಿಯುತ್ತಿತ್ತು. ಈಗ ತಂಗಿ ಮೇಲಿನ ಮಹಡಿಯ ಕೋಣೆಯಲ್ಲಿ ಆಸ್ಪತ್ರೆಯ ಹಸಿರು ನಿಲುವಂಗಿ ತೊಟ್ಟು ಮಲಗಿದ್ದಳು, ಅಮ್ಮ ಅವಳ ಪಕ್ಕದಲ್ಲಿದ್ದಳು. ಮೊನ್ನೆ ರಾತ್ರಿ ಕೊಟ್ಟ ಇಂಜೆಕ್ಷನ್ನಿನ ಲೆಕ್ಕದಲ್ಲಿ ಇವತ್ತು ಮಧ್ಯಾಹ್ನ ಒಂದು ಗಂಟೆಗೆ ದೊಡ್ಡ ಡಾಕ್ಟರು ತೆಳ್ಳನೆಯ ಕೊಳವೆಯೊಂದನ್ನು ಒಳಗಿಳಿಸಿ ವೀರ್ಯ ಬಿಡುವವರಿದ್ದರು. ಇದು ನಾಲ್ಕನೆಯ ಸಲ. ಮೊದಲ ಮೂರು ಸಲ ಬಿಟ್ಟದ್ದು ಮೇಷ್ಟ್ರದ್ದು. ಈ ಸಲದ್ದು ಯಾವನೋ ದಾನಿಯದು, ಅವನ ಹೆಸರು ಇಲ್ಲಿ ಯಾರಿಗೂ ಗೊತ್ತಿಲ್ಲ, ಮೂಲೆಯಲ್ಲಿ ಹೊಗೆಯಾಡುವ ತಣ್ಣನೆಯ ಡಬ್ಬಿಯೊಳಗೆ ಅದು ಹೆಪ್ಪುಗಟ್ಟಿ ಕೂತಿತ್ತು. ಅದಕ್ಕೆ ತನ್ನ ಒಪ್ಪಿಗೆ ಇದೆ ಎಂದು ಹನ್ನೆರಡರೊಳಗೆ ಮೇಷ್ಟ್ರು ಸಹಿ ಹಾಕಬೇಕಿತ್ತು. ಕಾಗದ ಮೇಷ್ಟ್ರ ತೊಡೆಯ ಮೇಲೆ, ಫ್ಯಾನಿನ ಗಾಳಿಗೆ ಹಾರದಂತೆ, ಅಂಗೈಯಡಿ ಬಿದ್ದುಕೊಂಡಿತ್ತು.

ಲ್ಯಾಬಿನೊಳಗಿನ ಅವನಿಗೆ ಆಸ್ಪತ್ರೆಯಲ್ಲಿ ಕೈಗುಣಪ್ಪ ಎಂದು ಹೆಸರು ಬಿದ್ದಿತ್ತು. ನರ್ಸುಗಳು ತಮಾಷೆಗೆ ಇಟ್ಟ ಹೆಸರು; ಅವನು ಮಾತ್ರ ಅದನ್ನು ತಮಾಷೆ ಎಂದು ಎಂದೂ ತೆಗೆದುಕೊಂಡಿರಲಿಲ್ಲ. ಇಪ್ಪತ್ತೊಂದು ವರ್ಷದಿಂದ ಗಂಡಸರು ನಾಚಿಕೊಂಡು ತಂದುಕೊಟ್ಟ ಪುಟ್ಟ ಡಬ್ಬಿಗಳನ್ನು ಕಣ್ಣೆತ್ತಿ ನೋಡದೆ ಇಸಿದುಕೊಂಡಿದ್ದ. ಆಮೇಲೆ ಮಕ್ಕಳನ್ನು ಎತ್ತಿಕೊಂಡು ಬಂದು, ನಿಮ್ಮ ಕೈಗುಣ ಸ್ವಾಮಿ, ಎಂದು ಸಿಹಿ ಕೊಟ್ಟು ಹೋದವರಿದ್ದರು. ಕೆಲಸ ಹೇಳಲಿಕ್ಕೆ ಸುಲಭ. ಲ್ಯಾಬಿನವರು ಅದನ್ನು ತೊಳೆಯುವುದು ಎನ್ನುತ್ತಾರೆ. ವೀರ್ಯವನ್ನು ಉದ್ದನೆಯ ಟ್ಯೂಬಿಗೆ ಹಾಕಿ, ಮೇಲೆ ದ್ರಾವಣ ಸುರಿದು, ಸೆಂಟ್ರಿಫ್ಯೂಜಿನಲ್ಲಿ ಗಿರಗಿರ ತಿರುಗಿಸಿದರೆ ಲೋಳೆಯೆಲ್ಲ ಮೇಲೆ ನಿಂತು, ವೀರ್ಯಾಣುಗಳು ತಳದಲ್ಲಿ ಸಾಸಿವೆಯಷ್ಟು ಬಿಳಿ ಗಸಿಯಾಗಿ ಕೂರುತ್ತವೆ. ಮೇಲಿನದನ್ನು ಚೆಲ್ಲಿ, ಗಸಿಗೆ ಹೊಸ ದ್ರಾವಣ ಕೂಡಿಸಿದರೆ ಆಯಿತು. ಅವನಿಗೆ ಕೆಲಸ ಕಲಿಸಿದ ಮುದುಕ, ಮೂರು ಸಾವಿರ ಸುತ್ತು, ಹತ್ತು ನಿಮಿಷ, ಕಣ್ಣುಮುಚ್ಚಿ ಮಾಡು, ಎಂದಿದ್ದ. ಅವನು ಕಣ್ಣುಮುಚ್ಚಿಯೇ ಮಾಡುತ್ತ ಬಂದಿದ್ದ. ಮೇಷ್ಟ್ರದ್ದು ಮೊದಲ ಸಲ ಬಂದ ದಿನ ಡಬ್ಬಿ ಇನ್ನೂ ಬೆಚ್ಚಗಿತ್ತು. ಕೈಗವಸಿನ ಮೂಲಕವೂ ಆ ಬಿಸಿ ಅಂಗೈಗೆ ತಟ್ಟಿ ಡಬ್ಬಿಯನ್ನು ತಟಕ್ಕನೆ ಮೇಜಿನ ಮೇಲೆ ಇಟ್ಟುಬಿಟ್ಟ. ಸಾವಿರಗಟ್ಟಲೆ ಡಬ್ಬಿ ಮುಟ್ಟಿದವನಿಗೆ ಆ ಒಂದು ಡಬ್ಬಿಯಲ್ಲಿ ಏನು ಹೇಸಿಗೆ ಎಂದು ಕೇಳಿದರೆ ಅವನು ಏನು ಹೇಳಿಯಾನು? ಇದು ತಂಗಿಯ ಮೈಯೊಳಗೆ ಹೋಗುತ್ತದೆ ಎಂದು ಅನ್ನಿಸಿದ್ದಷ್ಟೇ ಅವನಿಗೆ ನೆನಪು. ಆಗದವರು ಉಂಡ ತಟ್ಟೆಯನ್ನು ತೊಳೆಯುವ ಹಾಗೆ ತೊಳೆದ. ಒಂದು ಸಲ ತಿರುಗಿಸಿ, ತೆಗೆದು, ಮತ್ತೆ ದ್ರಾವಣ ಹಾಕಿ, ಮತ್ತೆ ಹತ್ತು ನಿಮಿಷ. ಎರಡನೆಯ ಸಲವೂ ಹಾಗೆಯೇ, ಮೂರನೆಯ ಸಲವೂ ಹಾಗೆಯೇ. ಬೇರೆ ಯಾರದ್ದನ್ನೂ ಅವನು ಎರಡು ಸಲ ತೊಳೆದವನಲ್ಲ. ಅದು ಹೇಸಿಗೆಯೋ, ಮನೆಯವರದ್ದೆಂಬ ಮುತುವರ್ಜಿಯೋ ಎಂದು ಅವನಿಗೆ ಆಗ ಯೋಚನೆಯೇ ಬಂದಿರಲಿಲ್ಲ. ಮುತುವರ್ಜಿ ಎಂದು ಅಮ್ಮನಿಗೆ ಹೇಳಿಕೊಂಡಿದ್ದ.

ಇವತ್ತು ಬೆಳಿಗ್ಗೆ ಎಂಟೂವರೆಗೆ ಹೊಸ ಮೇಡಂ ಬಂದು ಅವನ ಇಪ್ಪತ್ತೊಂದು ವರ್ಷದ ಮೇಲೆ ಎರಡು ಟ್ಯೂಬು ಇಟ್ಟಳು. ಲ್ಯಾಬಿನ ಮುಖ್ಯಸ್ಥೆಯಾಗಿ ಅವಳು ಬಂದು ಒಂದೂವರೆ ತಿಂಗಳು. ವಯಸ್ಸಿನಲ್ಲಿ ಅವನ ತಂಗಿಗಿಂತ ಚಿಕ್ಕವಳು. ಮಾತಾಡುವಾಗ ಪೆನ್ನಿನ ಕ್ಯಾಪನ್ನು ಕಚ್ಚುತ್ತಾಳೆ, ಅದೇ ಪೆನ್ನನ್ನು ಅವನಿಗೆ ಬರೆಯಲು ಕೊಡುತ್ತಾಳೆ. ನಿನ್ನೆ ಪರೀಕ್ಷೆಗೆಂದು ಬಂದವರೊಬ್ಬರು ಒಪ್ಪಿ, ಪಾಠಕ್ಕೆಂದು ಇವತ್ತು ಕೊಟ್ಟುಹೋದ ಸ್ಯಾಂಪಲ್ ಅವಳ ಕೈಯಲ್ಲಿತ್ತು.

“ಇದನ್ನ ಎರಡು ಪಾಲು ಮಾಡಿ,” ಎಂದಳು. “ಒಂದು ಪಾಲು ನೀವು ದಿನಾ ಹೇಗೆ ಮಾಡ್ತೀರೋ ಹಾಗೇ ಮಾಡಿ. ಇನ್ನೊಂದನ್ನ ತಿರುಗಿಸೋದೇ ಬೇಡ. ಮೇಲೆ ಮೆಲ್ಲಗೆ ದ್ರಾವಣ ಬಿಟ್ಟು, ಬೆಚ್ಚನೆ ಪೆಟ್ಟಿಗೇಲಿ ಓರೆಯಾಗಿ ಇಟ್ಟುಬಿಡಿ. ಕಸುವಿರೋವು ತಾವೇ ಈಜಿ ಮೇಲೆ ಬರ್ತವೆ.”

“ಅಷ್ಟೊತ್ತು ಕಾಯೋಕೆ ಯಾರಿಗೆ ಪುರುಸೊತ್ತಿದೆ ಮೇಡಂ?”

“ಒಂದು ಗಂಟೆ ಅಷ್ಟೇ. ಇಟ್ಟು ನೋಡಿ.”

ಹೊಸ ಯಂತ್ರ ಬಂದು ವಾರವಾಗಿತ್ತು. ಹೊರಗಿನಿಂದ ನೋಡಿದರೆ ಅಕ್ಕಿ ಡಬ್ಬದಷ್ಟು ದೊಡ್ಡ ಕರಿ ಪೆಟ್ಟಿಗೆ, ಒಳಗೆ ಗಾಢ ಕತ್ತಲೆ. ಟ್ಯೂಬಿಗೆ ಒಂದು ತೊಟ್ಟು ಔಷಧಿ ಬಿಟ್ಟು ಮುಚ್ಚಿದರೆ, ವೀರ್ಯದೊಳಗೆ ಹುಟ್ಟುವ ಉಗ್ರ ಆಮ್ಲಜನಕ ಆ ಔಷಧಿಗೆ ತಗುಲಿ ಕಣ್ಣಿಗೆ ಕಾಣದಷ್ಟು ಸಣ್ಣ ಬೆಳಕಾಗಿ ಮಿನುಗುತ್ತದೆಯಂತೆ. ಆ ಬೆಳಕನ್ನು ಯಂತ್ರ ಎಣಿಸಿ ಅಂಕಿ ಕೊಡುತ್ತದೆ. ಇಪ್ಪತ್ತೊಂದು ವರ್ಷ ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು ನೋಡಿದರೂ ಇಂಥ ಬೆಳಕನ್ನು ಅವನು ಕಂಡಿರಲಿಲ್ಲ, ಅದಕ್ಕೇ ನಂಬಲೂ ಇಲ್ಲ. ಈಜಿ ಬಂದದ್ದನ್ನು ಇಟ್ಟಾಗ ನಲವತ್ತರ ಒಳಗೆ ಅಂಕಿ ಬಂತು. ಅವನು ತೊಳೆದದ್ದನ್ನು ಇಟ್ಟಾಗ ಅಂಕಿ ಏರುತ್ತ ಏರುತ್ತ ಎರಡು ಸಾವಿರದ ಹತ್ತಿರ ಹೋಗಿ ನಿಂತಿತು. ಯಂತ್ರ ಕೆಟ್ಟಿರಬೇಕು ಎಂದ. ಮೇಡಂ ಮತ್ತೊಮ್ಮೆ ಇಟ್ಟು ತೋರಿಸಿದಳು. ಯಂತ್ರ ಕೆಟ್ಟಿರಲಿಲ್ಲ.

“ಈ ಆಮ್ಲಜನಕ ಸ್ವಲ್ಪ ಬೇಕೇ ಬೇಕು ಅಣ್ಣಾ,” ಎಂದಳು ಮೇಡಂ. ಅವಳು ಎಲ್ಲರನ್ನೂ ಅಣ್ಣ ಎನ್ನುತ್ತಾಳೆ, ಬೈಯುವಾಗಲೂ. “ಒಂಚೂರೂ ಇಲ್ಲದಿದ್ರೆ ಅವು ಅಂಡದ ಹತ್ರ ಹೋಗಿ ಸುಮ್ನೆ ನಿಂತುಬಿಡ್ತವೆ, ಒಳಗೆ ನುಗ್ಗೋ ಹುರುಪೇ ಬರಲ್ಲ. ಜಾಸ್ತಿ ಆದಾಗ ಕೆಡೋದು. ವೀರ್ಯಾಣುವಿನ ಹೊದಿಕೆ ಇದೆಯಲ್ಲ, ಅದರ ತುಂಬ ಕೊಬ್ಬು. ಹಳೇ ಎಣ್ಣೆ ಕಮಟು ಹಿಡಿಯುತ್ತಲ್ಲ, ಹಾಗೆ ಹಿಡಿದುಬಿಡುತ್ತೆ. ಬಾಲ ನಿಂತುಹೋಗುತ್ತೆ. ಒಳಗಿರೋ ಡಿಎನ್‌ಎ ಕೂಡ ತುಂಡಾಗುತ್ತೆ. ನೀವು ಅಷ್ಟು ಜೋರಾಗಿ ತಿರುಗಿಸಿ ಒಂದೇ ಮುದ್ದೆ ಮಾಡಿ ಅದುಮಿದ್ರೆ, ಅದರಲ್ಲೇ ಇರೋ ಕೆಟ್ಟವು ಒಳ್ಳೇವನ್ನ ಸುಡ್ತವೆ. ಬಿಳಿ ರಕ್ತಕಣ ಏನಾದ್ರೂ ಇದ್ರಂತೂ ಮುಗೀತು. ಅವು ಉಗುಳೋದೇ ಇದನ್ನ.”

“ಇಷ್ಟು ವರ್ಷ ಮಕ್ಕಳಾಗಿಲ್ವಾ ಹಾಗಾದ್ರೆ?”

“ಆಗಿದಾವೆ. ತಡ್ಕೊಳ್ಳೋವು ತಡ್ಕೊಂಡಿದಾವೆ. ನಿಮ್ಮೊಬ್ಬರ ತಪ್ಪು ಅಂತಿಲ್ಲ, ಒಂದು ಕಾಲಕ್ಕೆ ಎಲ್ಲಾ ಕಡೆ ಹೀಗೇ ಮಾಡ್ತಿದ್ರು. ಆದ್ರೆ ಎರಡು ವರ್ಷದ ಹಿಂದೇನೇ ಇಲ್ಲಿಗೆ ಸುತ್ತೋಲೆ ಬಂದಿತ್ತಂತಲ್ಲ?”

ಸುತ್ತೋಲೆ ಬಂದಿತ್ತು. ಅದು ಎಲ್ಲಿದೆ ಎಂದೂ ಅವನಿಗೆ ಗೊತ್ತಿತ್ತು. ಸೂಕ್ಷ್ಮದರ್ಶಕದ ಮೇಜು ಅಲುಗಾಡುತ್ತಿದ್ದ ಕಾಲಕ್ಕೆ ನಾಲ್ಕು ಮಡಿಕೆ ಮಡಚಿ ಅದರ ಕಾಲಡಿ ಸಿಕ್ಕಿಸಿದವನು ಅವನೇ. ಮೊದಲ ಸಾಲಿನಲ್ಲೇ ಯಾರೋ ಮೈಗಳ್ಳ ಬರೆದದ್ದು ಎಂದು ತೀರ್ಮಾನಿಸಿದ್ದ. ಕೈಯಲ್ಲಿ ಕೆಲಸ ಮಾಡದವರು ಕಾಗದದಲ್ಲಿ ಕೆಲಸ ಮಾಡುತ್ತಾರೆ ಎಂದು ನರ್ಸುಗಳಿಗೆ ಹೇಳಿ ನಗಿಸಿದ್ದ. ಮೇಡಂ ಕ್ಯಾಪು ಕಚ್ಚುತ್ತ, ದೊಡ್ಡ ಡಾಕ್ಟರ ಜೊತೆ ಆಪರೇಷನ್ ಕೋಣೆಗೆ ಹೋದಳು. ಅವಳು ನಾಲ್ಕು ಬೈದು ಹೋಗಿದ್ದರೆ ಅವನೂ ನಾಲ್ಕು ಅಂದು ಹಗುರಾಗುತ್ತಿದ್ದ. ಅವಳು ಹೋದ ಮೇಲೆ ಅವನು ಕಪಾಟಿನ ಕೆಳಗಿನ ಅಂಕಣದಿಂದ ಹಳೆಯ ರಿಜಿಸ್ಟರು ತೆಗೆದ. ತೆಗೆಯಬಾರದಿತ್ತು. ಮೇಷ್ಟ್ರ ಹೆಸರಿನ ಮುಂದೆ ತನ್ನದೇ ಉರುಟು ಅಕ್ಷರ. ಬಿಳಿ ಕಣ: ಹೆಚ್ಚು. ತೊಳೆಯುವ ಮುಂಚೆ ಚಲನೆ: ನೂರಕ್ಕೆ ನಲವತ್ತೆಂಟು. ತೊಳೆದು ಒಂದು ಗಂಟೆಗೆ: ನೂರಕ್ಕೆ ಒಂಬತ್ತು. ಎರಡನೆಯ ಸಲ ನಲವತ್ನಾಲ್ಕು, ಹನ್ನೊಂದು. ಮೂರನೆಯ ಸಲ ಐವತ್ತೊಂದು, ಎಂಟು. ಅಕ್ಕಪಕ್ಕದಲ್ಲೇ ಇದ್ದ ಅಂಕಿಗಳು. ನಾಲ್ಕು ವರ್ಷ ಅವನು ಎಡಗಡೆಯದನ್ನು ನೋಡದೆ ಬಲಗಡೆಯದನ್ನೇ ಓದಿದ್ದ. ಓದಿದ್ದಲ್ಲ, ಆರಿಸಿಕೊಂಡಿದ್ದ.

ಒಂಬತ್ತು ಎಂದು ಮನೆಯಲ್ಲಿ ಮೊದಲು ಹೇಳಿದವನು ಅವನೇ. ಊಟದ ಮೇಜು, ಭಾನುವಾರದ ಮಧ್ಯಾಹ್ನ, ಮೇಷ್ಟ್ರು ಕೈ ತೊಳೆಯಲು ಎದ್ದಿದ್ದ. ಹೇಗಿತ್ತೋ ರಿಪೋರ್ಟು ಎಂದು ಅಮ್ಮ ಕೇಳಿದಳು. ನೂರಕ್ಕೆ ಒಂಬತ್ತು ಅಮ್ಮ, ಎಂದ, ಸ್ವರ ತಗ್ಗಿಸಿಯೇ ಹೇಳಿದ, ಆದರೆ ನಲ್ಲಿಯ ನೀರು ನಿಂತ ಮೇಲೆ ಹೇಳಿದ. ಅಂದಿನಿಂದ ಒಂಬತ್ತು ಆ ಮನೆಯಲ್ಲಿ ಒಂದು ಮಾತಾಯಿತು. ಮೇಷ್ಟ್ರು ಅಂತೆ ಮೇಷ್ಟ್ರು, ಊರಿನವರನ್ನೆಲ್ಲ ಪಾಸ್ ಮಾಡಿಸಿ ತಾನು ಒಂಬತ್ತು ಅಂಕ ತಗೊಂಡಿದಾನೆ ಎಂದು ಅಮ್ಮ ದೊಡ್ಡಮ್ಮನ ಹತ್ತಿರ ಫೋನಿನಲ್ಲಿ ಹೇಳಿ ನಗುವುದು ಒಳಕೋಣೆಗೂ ಕೇಳುತ್ತಿತ್ತು. ತಂಗಿ ನಗುತ್ತಿರಲಿಲ್ಲ, ಬೇಡ ಎಂದೂ ಹೇಳುತ್ತಿರಲಿಲ್ಲ. ಮೇಷ್ಟ್ರು ಬರಬರುತ್ತ ಅವರ ಮನೆಗೆ ಬಂದರೆ ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂರತೊಡಗಿದ. ಎರಡನೆಯ ಸಲ ಬಡಿಸಿಕೊಳ್ಳುವುದನ್ನು ಬಿಟ್ಟ. ಅಣ್ಣನಾದವನು ಇದನ್ನೆಲ್ಲ ಗಮನಿಸಿದ್ದ ಮತ್ತು ನಿಜ ಹೇಳಬೇಕೆಂದರೆ ಅವನಿಗೆ ಹಿತವಾಗಿತ್ತು. ಮದುವೆಯಾದ ಹೊಸತರಲ್ಲಿ, ಬನ್ನಿ ಭಾವ ನಿಮಗೂ ಕಲಿಸಿಬಿಡ್ತೀನಿ ಎಂದು ಮೇಷ್ಟ್ರು ಕಾರಿನಲ್ಲಿ ಕೂರಿಸಿಕೊಂಡು ಹೋಗಿದ್ದ. ಹಿಂದಿನ ಸೀಟಿನಲ್ಲಿ ತಂಗಿ. ದೊಡ್ಡ ವೃತ್ತದ ನಟ್ಟನಡುವೆ ಕಾರು ಮೂರು ಸಲ ನಿಂತುಹೋಯಿತು, ಹಿಂದೆ ಬಸ್ಸುಗಳು ಬಾಯಿ ಬಡಿದುಕೊಂಡವು, ಸ್ಕೂಟರಿನವನೊಬ್ಬ ಕಿಟಕಿಗೆ ಬಂದು ಬಾಯಿಗೆ ಬಂದಂತೆ ಬೈದ. ಮೇಷ್ಟ್ರು ಗಾಬರಿಯಾಗದೆ, ಅದೇ ಕಲಿಸುವ ತಣ್ಣನೆಯ ಸ್ವರದಲ್ಲಿ, ಪಕ್ಕದಿಂದ ಕೈ ಚಾಚಿ ಸ್ಟೇರಿಂಗ್ ಹಿಡಿದು, ನಿಮ್ಮ ಕೈ ಸ್ವಲ್ಪ ಗಡಸು ಭಾವ, ಎಂದ. ಹಿಂದಿನಿಂದ ತಂಗಿ ಕಿಸಕ್ಕನೆ ನಕ್ಕಳು. ಕೈಗುಣದ ಮನುಷ್ಯನಿಗೆ ಆ ಮಾತು! ಮೇಷ್ಟ್ರಿಗೆ ಅದು ಮಾರನೆಯ ದಿನಕ್ಕೇ ಮರೆತುಹೋಗಿರಬೇಕು, ದಿನಕ್ಕೆ ಹತ್ತು ಜನಕ್ಕೆ ಹಾಗೆ ಹೇಳುವವನು. ಅವನು ಮಾತ್ರ ಆಮೇಲೆ ಸ್ಟೇರಿಂಗ್ ಮುಟ್ಟಲಿಲ್ಲ. ಇವತ್ತಿಗೂ ಬಸ್ಸಿನಲ್ಲಿ ಓಡಾಡುತ್ತಾನೆ.

ಹನ್ನೊಂದಕ್ಕೆ ಹತ್ತು ನಿಮಿಷವಿರುವಾಗ ಮೇಷ್ಟ್ರು ಎದ್ದು ಬಂದು ಗಾಜಿನ ಕಿಟಕಿಯ ಸಣ್ಣ ಬಾಗಿಲನ್ನು ಬೆರಳಿನಿಂದ ತಟ್ಟಿದ. ಅವನು ರಿಜಿಸ್ಟರನ್ನು ಮುಚ್ಚಿದ.

“ಭಾವ, ಒಂದು ಕೇಳ್ಲಾ? ತಪ್ಪು ತಿಳ್ಕೋಬೇಡಿ.”

“ಕೇಳು.”

“ಈ ದಾನಿ ಇರ್ತಾರಲ್ಲ, ಅವರ ಬಗ್ಗೆ ಏನಾದ್ರೂ ಬರೆದಿರ್ತಾರಾ? ಹೆಸರು ಬೇಡ. ಕಿವಿ ಹೇಗಿದೆ, ಮೂಗು ಹೇಗಿದೆ, ಅಂಥದ್ದು.” ಮೇಷ್ಟ್ರು ನಗಲು ನೋಡಿದ. “ನಾಳೆ ಮಗೂನ ಕರ್ಕೊಂಡು ಬೀದೀಲಿ ಹೋಗ್ತಿದ್ರೆ, ಅಪ್ಪನ ಹಾಗೇ ಇದೆ ಅಂತ ಯಾರಾದ್ರೂ ಅಂದೇ ಅಂತಾರೆ. ಎಲ್ಲಾ ಮಕ್ಕಳಿಗೂ ಅಂತಾರಲ್ಲ ಹಾಗೆ. ಆಗ ನಾನು ಯಾವ ಮುಖ ಇಟ್ಕೊಂಡು ನಿಂತಿರ್ಬೇಕು ಅಂತ, ಈಗಿಂದ್ಲೇ ಒಂದು ಅಂದಾಜಿದ್ರೆ ಒಳ್ಳೇದು.”

ಅವನಿಗೆ ಕನಿಕರ ಬರಬೇಕಿತ್ತು. ಬಂದದ್ದು ಸಿಟ್ಟು. ಈ ಸಾಧುತನ, ಈ ತಪ್ಪು ತಿಳ್ಕೋಬೇಡಿ, ಈ ತಗ್ಗಿಸಿದ ಕತ್ತು, ಇದೆಲ್ಲ ತನ್ನನ್ನು ಚುಚ್ಚಲೆಂದೇ ಎಂಬಂತೆ ಕಂಡಿತು. ಇವನೊಮ್ಮೆ ಎಗರಾಡಿದ್ದರೆ, ಇನ್ನೊಂದು ಕಡೆ ಪರೀಕ್ಷೆ ಮಾಡಿಸ್ತೀನಿ ಎಂದು ರಿಪೋರ್ಟನ್ನು ಮುಖಕ್ಕೆ ಎಸೆದಿದ್ದರೆ ಎಲ್ಲ ಅಂದೇ ಬಯಲಾಗುತ್ತಿತ್ತು. ನಾಲ್ಕು ವರ್ಷ ಒಂಬತ್ತನ್ನು ನುಂಗಿಕೊಂಡು ಬಾಗಿಲ ಹತ್ತಿರ ಕೂತದ್ದು ಯಾಕೆ? ಕೆನ್ನೆಗೆ ಬಾರಿಸಲು ಕೈ ಎತ್ತಿದವನ ಬಾಯಿಂದ ಬೈಗಳು ಹೊರಡುವ ಹಾಗೆ ಮಾತು ಹೊರಟುಬಿಟ್ಟಿತು.

“ನಿಂದು ಕೆಟ್ಟಿರ್ಲಿಲ್ಲ ಕಣಯ್ಯಾ. ನಾನು ಕೆಡಿಸಿದ್ದು.”

ಮೇಷ್ಟ್ರು ಅರ್ಥವಾಗದೆ ಕಿಟಕಿಗೆ ಇನ್ನಷ್ಟು ಬಾಗಿದ. ಅವನು ಎಲ್ಲ ಹೇಳಿದ, ತಡೆತಡೆದು ಅಲ್ಲ, ರೇಗಿದವನ ಹಾಗೆ ಒಂದೇ ಉಸಿರಿನಲ್ಲಿ: ತಿರುಗಿಸಿದ್ದು, ಎರಡು ಸಲ ತಿರುಗಿಸಿದ್ದು, ಬಿಳಿ ಕಣ ಇದೆ ಎಂದು ಗೊತ್ತಿದ್ದೂ ತಿರುಗಿಸಿದ್ದು, ಬೆಳಿಗ್ಗೆ ಕರಿ ಪೆಟ್ಟಿಗೆಯಲ್ಲಿ ಬಂದ ಅಂಕಿ, ಸುತ್ತೋಲೆ. ರಿಜಿಸ್ಟರನ್ನು ತೆರೆದು ಗಾಜಿಗೆ ಒತ್ತಿ ಹಿಡಿದ. ಮೇಷ್ಟ್ರು ಓದಿದ. ಓದುವಾಗ ತುಟಿ ಅಲುಗುತ್ತಿತ್ತು.

“ನಲವತ್ತೆಂಟು,” ಎಂದ ಮೇಷ್ಟ್ರು.

“ಹೂಂ.”

“ಮೂರನೇ ಸಲ ಐವತ್ತೊಂದು.”

“ಹೂಂ. ಈಗಲೂ ಹೊತ್ತಿದೆ. ನೀನು ಈಗ ಸ್ಯಾಂಪಲ್ ಕೊಟ್ರೆ ತಿರುಗಿಸದೆ ಒಂದು ಗಂಟೇಲಿ ತಯಾರು ಮಾಡಿಕೊಡ್ತೀನಿ. ಡಾಕ್ಟರು ಬರೋ ಹೊತ್ತಿಗೆ ಆಗಿರುತ್ತೆ. ದಾನಿದು ಬೇಕಾಗಿಲ್ಲ.”

ಮೇಷ್ಟ್ರ ಹಿಂದೆ ಯಾರೋ ಗಾಲಿಕುರ್ಚಿ ತಳ್ಳಿಕೊಂಡು ಹೋದರು, ಆ ಕಾಲು ಅಲುಗಲಿಲ್ಲ. ಆಮೇಲೆ ಮಾತಾಡಿದಾಗ ಅದು ಕಲಿಸುವ ಸ್ವರವಾಗಿರಲಿಲ್ಲ, ಅವನು ಎಂದೂ ಕೇಳದಿದ್ದ ಬೇರೆ ಸ್ವರ.

“ನಾಲ್ಕು ವರ್ಷ ಕನ್ನಡೀಲಿ ಮುಖ ನೋಡ್ಕೊಂಡಾಗೆಲ್ಲ ಒಂಬತ್ತು ಅಂತ ಕಾಣಿಸ್ತಿತ್ತು ನಂಗೆ. ನಿಮ್ಮ ತಂಗಿ ಪಕ್ಕದಲ್ಲಿ ಮಲಗೋಕೂ ನಾಚಿಕೆ ಆಗೋದು. ನಿಮಗೆ ನನ್ನ ಕಂಡ್ರೆ ಆಗಲ್ಲ ಅಂತ ಗೊತ್ತಿತ್ತು ಭಾವ. ಇಷ್ಟೊಂದು ಅಂತ ಗೊತ್ತಿರ್ಲಿಲ್ಲ.”

“ಬೇಕು ಅಂತ ಮಾಡಿದ್ದಲ್ಲ.”

“ಮೇಲೆ ಬನ್ನಿ,” ಎಂದ ಮೇಷ್ಟ್ರು. “ನನಗೆ ಹೇಳಿದ್ದನ್ನೇ ಅವಳ ಮುಂದೆ, ನಿಮ್ಮಮ್ಮನ ಮುಂದೆ ಹೇಳಿ. ಒಂದಕ್ಷರ ಜಾಸ್ತಿ ಬೇಡ, ಒಂದಕ್ಷರ ಕಮ್ಮಿ ಬೇಡ. ಆಮೇಲೆ ನಾನು ಸ್ಯಾಂಪಲ್ ಕೊಡ್ತೀನಿ.”

ಮೆಟ್ಟಿಲು ಇಪ್ಪತ್ತೆರಡು. ಮುಂದೆ ಮೇಷ್ಟ್ರು, ಹಿಂದೆ ಅವನು, ಕಂಕುಳಲ್ಲಿ ರಿಜಿಸ್ಟರು. ಮೊದಲ ತಿರುವಿನವರೆಗೂ ಅವನಿಗೆ ಮೈ ಹಗುರವೆನಿಸಿತು. ಹೇಳಿಯಾಯಿತಲ್ಲ, ಇನ್ನೇನು, ಒಮ್ಮೆ ಹೇಳಿದ್ದನ್ನು ಇನ್ನೊಮ್ಮೆ ಹೇಳುವುದು. ಎರಡನೆಯ ತಿರುವಿನಲ್ಲಿ ಅಮ್ಮನ ಮುಖ ಕಣ್ಣಿಗೆ ಬಂತು. ಅಪ್ಪ ಸತ್ತ ವರ್ಷ ಈ ಕೆಲಸ ಸಿಕ್ಕಿದಾಗ, ಮಗ ಡಾಕ್ಟರೇ ಒಂದು ಲೆಕ್ಕದಲ್ಲಿ ಎಂದು ಬೀದಿಗೆಲ್ಲ ಹೇಳಿಕೊಂಡು ಬಂದವಳು. ನರ್ಸುಗಳು ಇಟ್ಟ ಹೆಸರನ್ನು ಅವನೇ ಹೇಳಿಕೊಂಡಾಗ, ಹೂಂ ಮತ್ತೆ, ನನ್ನ ಮಗನ ಕೈ ಅಂದ್ರೆ ಸುಮ್ನೇನಾ ಎಂದಿದ್ದಳು. ತಂಗಿಯ ಮುಖ ಮಾತ್ರ ಕಣ್ಣಿಗೆ ಬರಲಿಲ್ಲ, ಎಷ್ಟು ನೆನೆದರೂ ಕಾರಿನ ಹಿಂದಿನ ಸೀಟಿನಿಂದ ಬಂದ ಆ ಕಿಸಕ್ ಎಂಬ ನಗೆಯೇ ಕೇಳಿಸಿತು. ಮೂರು ಸಲ ಆ ಕೋಣೆಯಿಂದ, ಬಸಿರು ನಿಂತಿತೇ ಎಂದು ತಿಳಿಯುವ ಹದಿನೈದು ದಿನದ ಲೆಕ್ಕ ಇಟ್ಟುಕೊಂಡು ಹೋಗಿ, ಮೂರು ಸಲವೂ ಬಚ್ಚಲಲ್ಲಿ ಕೂತು ಅತ್ತವಳು ಅವಳು. ಅತ್ತದ್ದು ಯಾರ ಕೈಯಿಂದ ಎಂದು ಈಗ ಅವಳಿಗೆ ಗೊತ್ತಾಗುತ್ತದೆ. ಅವನು ಬಾಗಿಲು ತಳ್ಳಿದ.

ತಂಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಅಮ್ಮ ಪಕ್ಕದ ಕುರ್ಚಿಯಲ್ಲಿ ಕೂತು ಕಿತ್ತಳೆ ಸುಲಿಯುತ್ತಿದ್ದಳು. ಮೇಷ್ಟ್ರು ಬಾಗಿಲಿಗೆ ಬೆನ್ನು ಕೊಟ್ಟು ನಿಂತು, “ಭಾವ ಏನೋ ಹೇಳಬೇಕಂತೆ,” ಎಂದ.

ಅವನು ಹೇಳಿದ. ಮೇಷ್ಟ್ರದ್ದು ಸರಿಯಾಗೇ ಇತ್ತು, ಲ್ಯಾಬಿನಲ್ಲಿ ತಾನು ತೊಳೆದ ರೀತಿಯಿಂದ ಕೆಟ್ಟಿತು, ಎಂದ. ಕೆಳಗೆ ಹೇಳಿದ್ದರಲ್ಲಿ ಅರ್ಧವಾದರೂ ಇತ್ತು. ಅಮ್ಮ ಸುಲಿಯುವುದನ್ನು ನಿಲ್ಲಿಸಿ ಮೊದಲು ಅವನನ್ನು ನೋಡಿದಳು, ಆಮೇಲೆ ಅಳಿಯನನ್ನು ನೋಡಿದಳು. ಅವಳ ಕಣ್ಣು ತುಂಬಿಬಂತು.

“ನೋಡಿದ್ಯೇನೇ ನಿನ್ನ ಅಣ್ಣನ್ನ,” ಎಂದಳು ಮಗಳಿಗೆ. “ಅಳಿಯನ ಮಾನ ಉಳಿಸೋಕೆ ತಪ್ಪನ್ನೆಲ್ಲ ತನ್ನ ತಲೆ ಮೇಲೆ ಹಾಕ್ಕೊಂಡು ಬಂದಿದಾನೆ. ಇಂಥ ಬಂಗಾರದಂಥ ಮನುಷ್ಯನ ಹೊಟ್ಟೇಲಿ ಇಟ್ಕೊಂಡಿದ್ನಲ್ಲ ನಾನು.” ಆಮೇಲೆ ಮೇಷ್ಟ್ರಿಗೆ, “ನೀವೇ ಹೇಳಿಸಿದ್ದು ತಾನೇ? ಸಹಿ ಹಾಕೋ ಹೊತ್ತಿಗೆ ಗಂಡಸ್ತನ ನೆನಪಾಯ್ತಾ?”

“ಅತ್ತೆ, ಅವರು ಹೇಳ್ತಿರೋದು ನಿಜ. ಪುಸ್ತಕ ಇದೆ, ನೋಡಿ.”

“ಪುಸ್ತಕ ಬರೆಯೋನು ನನ್ನ ಮಗಾನೇ. ನಿಮಗೆ ಬೇಕಾದ ಹಾಗೆ ಬರೆದುಕೊಡೋಷ್ಟು ಒಳ್ಳೆಯವನು ಅವನು.”

ಇಲ್ಲ ಅಮ್ಮ ಎನ್ನಬೇಕಿತ್ತು. ಎರಡೇ ಮಾತು. ಬಾಯಿ ತೆರೆಯಿತು ಕೂಡ. ಆದರೆ ಅಮ್ಮನ ತುಂಬಿದ ಕಣ್ಣು ತನ್ನ ಮೇಲೆ ನೆಟ್ಟಿರುವಾಗ, ಚಳಿಯಲ್ಲಿ ನಿಂತವನಿಗೆ ಯಾರೋ ಹೊದಿಕೆ ಹೊದಿಸಿದಂತೆ ಬೆನ್ನಿನ ಮೇಲೆಲ್ಲ ಬೆಚ್ಚಗಾಗುತ್ತ ಹೋಯಿತು. ಅದು ಹೇಸಿಗೆಯ ಬಿಸುಪು ಎಂದು ಅವನಿಗೆ ತಿಳಿದಿತ್ತು. ತಿಳಿದಿದ್ದೂ ಅದರೊಳಗೆ ಇನ್ನೊಂದು ಕ್ಷಣ ನಿಂತ, ಮತ್ತೊಂದು ಕ್ಷಣ ನಿಂತ. ತಂಗಿ ಹೊರಳಿದಳು. ಮೊಣಕೈ ಊರಿ ಎದ್ದು ಕೂತು ಅವನನ್ನೇ ದಿಟ್ಟಿಸಿದಳು.

“ಅಣ್ಣಾ. ನನ್ನ ಮುಖ ನೋಡಿ ಹೇಳು. ನಿನ್ನಿಂದ್ಲೇ ಕೆಟ್ಟಿತಾ?”

ಆಗ ಅವನ ತಲೆಯೊಳಗೆ ಲ್ಯಾಬಿನ ಮನುಷ್ಯ ಎದ್ದು ನಿಂತ. ಮೂರು ಸಲ ಆಗದಿರುವುದಕ್ಕೆ ನೂರು ಕಾರಣ ಇರಬಹುದು. ಎಲ್ಲ ಸರಿಯಿದ್ದವರಿಗೂ ಮೂರು ಸಲದಲ್ಲಿ ಆಗದೇ ಹೋಗುತ್ತದೆ. ಇವೆಲ್ಲ ಸುಳ್ಳಲ್ಲ, ಮೇಡಂ ಇದ್ದರೆ ಅವಳೂ ಒಪ್ಪುತ್ತಾಳೆ. ಇಷ್ಟು ವರ್ಷದಲ್ಲಿ ಅವನು ಆಡಿದ ಮಾತುಗಳಲ್ಲಿ ಅಷ್ಟು ನಿಖರವಾದ ಮಾತು ಇನ್ನೊಂದಿರಲಿಲ್ಲ.

“ಖಚಿತವಾಗಿ ಹೇಳೋಕಾಗಲ್ಲಮ್ಮ,” ಎಂದ. “ನನ್ನಿಂದಲೂ ಸ್ವಲ್ಪ ಇರಬಹುದು. ಅವನದೂ ಇರಬಹುದು. ಬಿಳಿ ಕಣ ಅವನದೇ ಅಲ್ವಾ.”

ತಂಗಿ ಹಾಗೆಯೇ ನೋಡುತ್ತಿದ್ದಳು. ಅವಳಿಗೆ ನಿಜ ಗೊತ್ತಾಯಿತೋ ಇಲ್ಲವೋ ಎಂದು ಅವನಿಗೆ ಆ ಮುಖದಿಂದ ತಿಳಿಯಲಿಲ್ಲ. ಗಂಡನ ಕಡೆ ಕೈ ಚಾಚಿ, ಅದು ಅಲ್ಲಿಗೆ ಮುಟ್ಟದೆ, ಹಾಸಿಗೆಯ ಮೇಲೆ ಇಟ್ಟುಬಿಟ್ಟಳು.

“ಇರಬಹುದು, ಇರಬಹುದು ಅಂತ ಇನ್ನೊಂದು ಸಲ ಮಾಡಿಸ್ಕೊಳ್ಳೋ ಶಕ್ತಿ ನಂಗಿಲ್ಲ ರೀ,” ಎಂದಳು. “ಗ್ಯಾರಂಟಿ ಇರೋದೇ ಹಾಕ್ಲಿ. ಯಾರದಾದ್ರೂ ಸರಿ. ನನ್ನ ಬೈಕೋಬೇಡಿ.”

ಮೇಷ್ಟ್ರು ಹೆಂಡತಿಯ ಹತ್ತಿರ ಬಂದು ಅವಳ ತಲೆಯ ಮೇಲೆ ಕೈಯಿಟ್ಟ. ಬೈಯಲಿಲ್ಲ. ಕಾಗದವನ್ನು ಗೋಡೆಗೆ ಒತ್ತಿ ಹಿಡಿದು, ಜೇಬು ತಡವಿ, ಪೆನ್ನು ಸಿಗದೆ, ಪಕ್ಕದಲ್ಲಿ ನಿಂತಿದ್ದ ಅವನ ಬಿಳಿ ಕೋಟಿನ ಜೇಬಿನಿಂದ ಕೇಳದೆಯೇ ಪೆನ್ನು ತೆಗೆದುಕೊಂಡು, ಎರಡು ಕಡೆ ಸಹಿ ಮಾಡಿದ. ಪೆನ್ನನ್ನು ವಾಪಸು ಅದೇ ಜೇಬಿಗೆ ಸಿಕ್ಕಿಸಿದ. ಅಮ್ಮ ಮಗಳ ಬಾಯಿಗೆ ಕಿತ್ತಳೆಯ ತೊಳೆ ಹಿಡಿದು, ತಿನ್ನು, ಹೊಟ್ಟೆ ಖಾಲಿ ಇಟ್ಕೋಬೇಡ ಎನ್ನುತ್ತಿದ್ದಳು.

ಕೆಳಗೆ ಬಂದವನು ಎರಡು ಸಲ ಕೈ ತೊಳೆದು ಹೊಸ ಕೈಗವಸು ಹಾಕಿಕೊಂಡ. ತಣ್ಣನೆಯ ಡಬ್ಬಿಯ ಮುಚ್ಚಳ ತೆಗೆದು, ಹೊಗೆಯೊಳಗಿನಿಂದ ಇಕ್ಕಳದಲ್ಲಿ ದಾನಿಯ ಸೀಸೆಯನ್ನು ಎತ್ತಿ, ನಂಬರನ್ನು ಮೂರು ಸಲ ಓದಿ ನೋಡಿ, ಬೆಚ್ಚನೆಯ ನೀರಿನಲ್ಲಿ ಇಳಿಬಿಟ್ಟು ಕಾದ. ಗಡಿಯಾರ ನೋಡಿ ಕಾದ, ಕಣ್ಣುಮುಚ್ಚಿ ಅಲ್ಲ. ಕರಗಿದ್ದನ್ನು ಟ್ಯೂಬಿಗೆ ಬಿಟ್ಟ. ಅದರ ಮೇಲೆ ದ್ರಾವಣವನ್ನು ಟ್ಯೂಬಿನ ಗೋಡೆಗುಂಟ ಒಂದೊಂದೇ ತೊಟ್ಟು ಇಳಿಸಿದ, ಕೆಳಗಿನ ಪದರ ಒಂದಿಷ್ಟೂ ಕದಡಲಿಲ್ಲ. ಕೈ ಕಲ್ಲಿನಂತೆ ಸ್ಥಿರವಾಗಿತ್ತು. ಇಷ್ಟು ಜೋಪಾನವಾಗಿ ಅವನು ಈವರೆಗೆ ಯಾರದ್ದನ್ನೂ ಮುಟ್ಟಿರಲಿಲ್ಲ. ಬೆಚ್ಚನೆಯ ಪೆಟ್ಟಿಗೆಯಲ್ಲಿ ಅದನ್ನು ಓರೆಯಾಗಿ ಇಟ್ಟು ಬಾಗಿಲು ಮುಚ್ಚಿ ತಿರುಗಿದರೆ ಗಾಜಿನ ಆಚೆ ಮೇಷ್ಟ್ರು ನಿಂತಿದ್ದ. ಬೆಂಚಿನ ಮೇಲೆ ಕೂತಿರಲಿಲ್ಲ, ಗಾಜಿಗೆ ಹಣೆ ತಾಗುವಷ್ಟು ಹತ್ತಿರ ನಿಂತು ಅವನ ಕೈಯನ್ನೇ ನೋಡುತ್ತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ.

ಮೇಷ್ಟ್ರು ಕಿಟಕಿಯ ಸಣ್ಣ ಬಾಗಿಲನ್ನು ಸರಿಸಿದ.

“ಇದನ್ನ ತಿರುಗಿಸಲ್ವಾ ಭಾವ?”

ಮೂಲೆಯಲ್ಲಿ ಸೆಂಟ್ರಿಫ್ಯೂಜು ಮುಚ್ಚಳ ತೆರೆದುಕೊಂಡು ಸುಮ್ಮನೆ ಕೂತಿತ್ತು.

“ಇಲ್ಲ,” ಎಂದ ಅವನು.